ಮೀನಿನ ಉಪವಾಸ

ನನ್ನ ತಮ್ಮನ ಮೀನು ಯಾತರಿಂದ ಸತ್ತಿತು ಎಂಬುದು ನನಗೆ ಅಂದೇ ಗೊತ್ತಿತ್ತು. ಅವನಿಗೆ ಹೇಳಲಿಲ್ಲ. ಹೇಳಬೇಕಾಗಿದ್ದ ಆ ಮಾತನ್ನು ವರ್ಷಗಟ್ಟಲೆ ನುಂಗಿಕೊಂಡು ಅವನ ಜೊತೆಗೇ ಒಂದೇ ಮನೆಯಲ್ಲಿ ಉಂಡೆ, ಮಲಗಿದೆ.

ನಾವು ಬೀದರ ಕಡೆಯವರು. ಪುಣೆಯ ಹಡಪಸರದಲ್ಲಿ ಎರಡು ಕೋಣೆಯ ಮನೆ. ಅಪ್ಪ ತೀರಿದ ಮೇಲೆ ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟು ಅವ್ವನ ಕೈಗೆ ಆಸರೆಯಾಗಿ ನಿಂತೆ. ತಮ್ಮ ಓದಿ ಕಾರ್ಖಾನೆ ಸೇರಿದ. ಅವನ ಕೈಗುಣ ಒಳ್ಳೆಯದೆಂದು ಓಣಿಯೆಲ್ಲ ಹೇಳುತ್ತಿತ್ತು. ಅವನು ನೆಟ್ಟ ಕರಿಬೇವು ತಗಡಿನ ಡಬ್ಬಿಯಲ್ಲೂ ಚಿಗುರುತ್ತಿತ್ತು. ಪಕ್ಕದ ಮನೆಯ ಮುದುಕಿ ಮೊಣಕಾಲಿಗೆ ಎಣ್ಣೆ ಹಚ್ಚಲು ಸ್ವಂತ ಮಗನನ್ನು ಬಿಟ್ಟು ಇವನನ್ನು ಕರೆಯುತ್ತಿದ್ದಳು.

ಕೆಲಸ ಕಾಯಂ ಆದ ವರ್ಷ ಅವನು ಒಂದು ಗಾಜಿನ ತೊಟ್ಟಿ ತಂದ. ಅದರೊಳಗೆ ಕಪ್ಪು ಪಟ್ಟೆಯ ಬೂದು ಮೀನಿನ ಒಂದು ಜೋಡಿ.

“ಸಿಕ್ಲಿಡ್ ಅಂತಾರ ಇವಕ್ಕ” ಎಂದ.

“ಸಿಕ್ಕಿಲ್ಲ ಯಾಕಂತಾರೋ?” ಎಂದಳು ಅವ್ವ. “ಸಿಕ್ಕಾವಲ್ಲ, ಪಾಪ.”

ಈ ಜಾತಿಯಲ್ಲಿ ಗಂಡು ಹೆಣ್ಣು ಎರಡೂ ಕೂಡಿ ಮರಿ ಕಾಯುತ್ತವೆ ಎಂದು ತಮ್ಮ ಹೇಳಿದ. ಮರಿಗಾಗಿ ಕಾದ. ಮಳೆಗಾಲದ ಕೊನೆಗೆ ಹೆಣ್ಣಿನ ಹೊಟ್ಟೆ ಉಬ್ಬಿದಾಗ ಅವ್ವ, “ಬಸಿರಾಗ್ಯದ ಬಿಡೋ” ಎಂದಳು. ಆದರೆ ಅದು ತಿನ್ನುವುದನ್ನು ಬಿಟ್ಟು ಕಲ್ಲಿನ ಹಿಂದೆ ಸೇರಿಕೊಂಡಿತ್ತು. ಅದರ ಹಿಂಭಾಗದಿಂದ ಬಿಳಿ ದಾರದಂಥ ಹೊಲಸು ಜೋತಾಡುತ್ತಿತ್ತು. ತಮ್ಮ ಮೀನಿನ ಅಂಗಡಿಗೆ ಓಡಿದ. ಅಂಗಡಿಯವನು ಮರಾಠಿಯಲ್ಲಿ ಹೇಳಿದ್ದನ್ನು ಬಂದು ನನಗೆ ಒಪ್ಪಿಸಿದ: ಬೇರೆ ನೀರಿನಲ್ಲಿ ಇಡಬೇಕು, ಹೊಟ್ಟೆ ಖಾಲಿಯಾಗಲೆಂದು ಕುಡಿಯುವ ಜುಲಾಬಿನ ಉಪ್ಪು ಸ್ವಲ್ಪ ಕರಗಿಸಿ ಹಾಕಬೇಕು, ಮತ್ತೆ ಉಪಾಸ ಇಡಬೇಕು.

ಅವನು ಹೆಣ್ಣನ್ನು ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟ. ಉಪ್ಪನ್ನು ತಂಬಿಗೆಯಲ್ಲಿ ಕರಗಿಸಿ, ಟಬ್ಬಿನ ಅಂಚಿನಿಂದ ನೂಲಿನಷ್ಟು ಸಣ್ಣಗೆ ಸುರಿದ. ಗುಳ್ಳೆ ಬಿಡುವ ನಳಿಗೆಯನ್ನು ಅದರೊಳಗೆ ಇಳಿಸಿದ. ಕೆಲವು ದಿನಕ್ಕೆ ಹೊಟ್ಟೆ ಇಳಿಯುತ್ತ ಬಂತು.

“ಯಕ್ಕಾ, ಇವತ್ತ ಸೆಕೆಂಡ್ ಶಿಫ್ಟ್ ಅದ ನನಗ. ಅದರ ಉಪಾಸ ಮುರೀಬ್ಯಾಡ ನೋಡು.”

“ನನಗ ಉಪಾಸ ಕಲಿಸ್ತಿ ಏನೋ? ವಾರಕ್ಕೊಂದು ಮಾಡ್ತೀನಿ ನಾ.”

ನಗುತ್ತ ಹೋದ.

ಅಂದು ಸಂಕಷ್ಟಿ ಚತುರ್ಥಿ. ನಮ್ಮ ಊರಲ್ಲಿ ಅಜ್ಜಿ ಉಪವಾಸವೆಂದರೆ ನೀರನ್ನೂ ಮುಟ್ಟುತ್ತಿರಲಿಲ್ಲ. ನಾನು ಪುಣೆಯಲ್ಲಿ ಬೆಳೆದವಳು. ನಮ್ಮ ಚಾಳಿನ ಸಾಲುಮನೆಗಳ ಉಪಾಸವೆಂದರೆ ಅನ್ನ ರೊಟ್ಟಿ ಬಿಟ್ಟು ಸಾಬೂದಾಣಿ ಎನ್ನುವ ಸಬ್ಬಕ್ಕಿ, ಶೇಂಗಾ, ಬಟಾಟೆ. ನಿಜ ಹೇಳಬೇಕೆಂದರೆ ಉಪಾಸದ ದಿನವೇ ನಾನು ಹೆಚ್ಚು ತಿನ್ನುತ್ತಿದ್ದೆ. ಖಿಚಡಿಗೆಂದು ಸಾಬೂದಾಣಿ ಆಗಷ್ಟೇ ನೆನೆಹಾಕಿ ಟಬ್ಬಿನ ಬಳಿ ಬಂದರೆ, ಮೀನು ಮೇಲಕ್ಕೆ ಬಂದು ನನ್ನತ್ತ ಬಾಯಿ ತೆರೆದು ಮುಚ್ಚಿ ಮಾಡಿತು. ಪಾಪ ಅನ್ನಿಸಿತು. ಇದು ಉಪಾಸಕ್ಕೆ ನಡೆಯುವ ಪದಾರ್ಥವೇ ಅಲ್ಲವೆ ಎಂದುಕೊಂಡು, ಇನ್ನೂ ಗಟ್ಟಿಯಿದ್ದ ಕಾಳುಗಳನ್ನು ಉಗುರಿನಿಂದ ಒಡೆದು ಹಾಕಿದೆ. ತಿಂದಿತು. ಮತ್ತಷ್ಟು ಹಾಕಿದೆ. ಎಷ್ಟೋ ದಿನದ ಮೇಲೆ ತಿಂದಿತಲ್ಲ ಎಂದು ಹಿಗ್ಗಿದೆ.

ಬೆಳಿಗ್ಗೆ ಅದು ಮಗ್ಗುಲಾಗಿ ತೇಲುತ್ತಿತ್ತು. ಹೊಟ್ಟೆ ಬಿರಿಯುವಂತೆ ಬಿಗಿದು, ಮೈಮೇಲಿನ ಹುರುಪೆಗಳು ಎದ್ದು ನಿಂತಿದ್ದವು. ತಮ್ಮ ಅದನ್ನು ಅಂಗೈಯಲ್ಲಿ ಹಿಡಿದು ಕುಳಿತ.

“ಉಪ್ಪು ಹೆಚ್ಚಾತು ಯಕ್ಕಾ. ಆರಾಮ ಆಗ್ಲಿಕ್ಕತ್ತಿತ್ತು, ನಾನೇ ಹೆಚ್ಚು ಹಾಕಿ ಕೊಂದೆ.”

ಟಬ್ಬಿನ ತಳದಲ್ಲಿ ಉಬ್ಬಿದ ಬಿಳಿ ಕಾಳುಗಳು ಕಂಡವು. ಅವನು ತಲೆ ಎತ್ತುವ ಮುಂಚೆ ನಾನು ನೀರನ್ನು ಮೋರಿಗೆ ಚೆಲ್ಲಿದೆ. ಅವನು ಬೈಯುತ್ತಾನೆಂಬ ಹೆದರಿಕೆಯೇನೂ ಇರಲಿಲ್ಲ. ಯಾರು ಏನು ಕೇಳಿದರೂ “ಯಕ್ಕಾಗ ತಿಳೀತದ, ಕೇಳ್ರಿ” ಎನ್ನುತ್ತಿದ್ದ, ತಾನು ಓದಿದವನಾಗಿದ್ದೂ. ಆ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಗಂಡು ಮೀನನ್ನು ಅವನು ಅಂಗಡಿಗೆ ಮರಳಿಸಿದ. ತೊಟ್ಟಿಯಲ್ಲಿ ಅವ್ವ ಉಳ್ಳಾಗಡ್ಡಿ ತುಂಬಿಟ್ಟಳು. ಪಕ್ಕದ ಮನೆಯ ಮುದುಕಿ ಕರೆದರೆ, “ಬ್ಯಾರೆಯವರಿಗೆ ಹೇಳ್ರಿ ಆಯಿ” ಎನ್ನತೊಡಗಿದ. ಕರಿಬೇವಿಗೆ ನೀರು ಹಾಕುವುದು ನನ್ನ ಪಾಲಿಗೆ ಬಂತು. ಕೈಗುಣ ಹೋಯಿತೆಂದು ಅವನು ನಂಬಿದ್ದು ಮನೆಯಲ್ಲಿ ನನಗೊಬ್ಬಳಿಗೇ ತಿಳಿದಿತ್ತು. ಆದರೂ ಸುಮ್ಮನಿದ್ದೆ.

ಮದುವೆಯಾಗಿ ಅವನಿಗೊಂದು ಹೆಣ್ಣು ಮಗುವಾಯಿತು. ಒಂದು ಮಧ್ಯಾಹ್ನ ಅವನ ಹೆಂಡತಿ ಹೊರಗೆ ಹೋಗಿದ್ದಳು. ಮಗುವಿನ ಮೈ ಸುಡುತ್ತಿತ್ತು. ಔಷಧದ ಬಾಟಲಿ, ಚಮಚ ಮಗ್ಗುಲಲ್ಲೇ ಇದ್ದರೂ ಅವನು ಅಳುವ ಮಗುವನ್ನು ಎತ್ತಿಕೊಂಡು ಅಡ್ಡಾಡುತ್ತಿದ್ದ, ನಾನು ನಲ್ಲಿಯಿಂದ ನೀರು ಹಿಡಿದು ಬರುವ ತನಕ.

“ನೀನೇ ಹಾಕು ಯಕ್ಕಾ. ನನ್ನ ಕೈಗುಣ ನಿನಗ ಗೊತ್ತದಲ್ಲ.”

ನಾನು ಬಾಟಲಿ ತೆಗೆದುಕೊಳ್ಳಲಿಲ್ಲ. “ಆ ಮೀನು ಉಪ್ಪಿನಿಂದ ಸತ್ತಿಲ್ಲ” ಎಂದೆ. “ನಾ ಅದಕ್ಕ ಸಾಬೂದಾಣಿ ಹಾಕಿದ್ದೆ.”

ಅವನು ಮಗುವನ್ನು ಇನ್ನೊಂದು ಹೆಗಲಿಗೆ ಹೊರಳಿಸಿದ. “ಉಪಾಸಕ್ಕ?”

“ಹೂಂ. ಉಪಾಸಕ್ಕ.”

ಅವನ ತುಟಿ ನಗಲು ಹೋಗಿ ನಿಂತಿತು. “ಮತ್ತ ಇಷ್ಟು ವರ್ಷ?”

ಚಮಚವನ್ನು ಅವನ ಕೈಗಿಟ್ಟು ಆ ಕೈಯನ್ನು ಹಿಡಿದುಕೊಂಡೆ.

“ತಪ್ಪಾತು ತಮ್ಮಾ. ಮೀನಿಗೆ ಹಾಕಿದ್ದು ತಿಳೀದ ಹಾಕಿದೆ. ನಿನ್ನ ಕೈಗುಣ ಮಾತ್ರ ತಿಳಿದೂ ತಿಳಿದೂ ಕಸಗೊಂಡೆ. ನಂದು ಭಾಳ ತಪ್ಪಾತು.”