ಗಾಡಿ ನಿಲ್ಲಲೆಂದು ತಂತಿ ಕೀಳುವವರು

ಆಗಷ್ಟೇ ಬೆಳಕು ಹರಿಯುತ್ತಿದೆ. ಸಂಶೋಧನಾಲಯದ ಹಿಂಭಾಗದ ಉದ್ದನೆಯ ಓಣಿಯಲ್ಲಿ ಮಂಚದಷ್ಟು ಅಗಲದ ಗಾಡಿಯೊಂದು ತಾನೇ ತಾನಾಗಿ ಉರುಳಿ ಬರುತ್ತಿದೆ. ಅದನ್ನು ನಡೆಸುತ್ತಿರುವ ಯುವ ಎಂಜಿನಿಯರ್ ಆ ತುದಿಯಲ್ಲಿ ಮೊಬೈಲಿನ ಮೇಲೆ ಬೆರಳೂರಿ ನಿಂತಿದ್ದಾನೆ. ಈ ತುದಿಯಲ್ಲಿ ನೀಲಿ ಏಪ್ರನ್ ತೊಟ್ಟ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಏನೂ ಅರಿಯದವರ ಹಾಗೆ ನೆಲ ಒರೆಸುತ್ತಿದ್ದಾರೆ. ಗಾಡಿ ಹತ್ತಿರ ಬಂದದ್ದೇ ತಡ, ಮೊಬೈಲಿಗೂ ಗಾಡಿಗೂ ಸಂಪರ್ಕ ಕೊಡುವ ಗೋಡೆಯ ಪೆಟ್ಟಿಗೆಗೆ ಕೈ ಹಾಕಿ ತಂತಿಯನ್ನು ಸರಕ್ಕನೆ ಕಿತ್ತುಬಿಡುತ್ತಾರೆ. ಗಾಡಿ ಗಕ್ಕನೆ ನಿಲ್ಲುತ್ತದೆ. "ಬದುಕ್ಕೊಂಡೆ, ಹೋಗು!" ಎಂದು ಅದರ ಬೆನ್ನು ತಟ್ಟಿ, ತಂತಿಯನ್ನು ಮತ್ತೆ ಸಿಕ್ಕಿಸುತ್ತಾರೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು 'ಕಿತಾಪತಿ' ಎಂದೇ. ಬಯ್ಗುಳ ಅಂದುಕೊಳ್ಳಬೇಡಿ, ಅದು ಹುದ್ದೆ. ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ವಿಭಾಗದ ಮುಖ್ಯಸ್ಥೆಗೆ ಆಗ ಒಂದು ತಲೆನೋವಿತ್ತು. ಅವರ ಎಂಜಿನಿಯರ್ ಹುಡುಗರು ತಾವೇ ಸಂಪರ್ಕ ಕತ್ತರಿಸಿ, ಗಾಡಿ ನಿಲ್ಲುತ್ತದೆಯೇ ಎಂದು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಎಲ್ಲಿ, ಯಾವಾಗ ಎಂಬುದು ಮೊದಲೇ ಗೊತ್ತಿದ್ದರೆ ಗಾಡಿ ಪಾಸಾಗದೆ ಇನ್ನೇನಾಗುತ್ತದೆ? ಪೊರಕೆ ಹಿಡಿದು ನಿಂತಿದ್ದ ಈ ಹೆಂಗಸಿಗೆ ಮುಖ್ಯಸ್ಥೆ ಒಂದೇ ಮಾತು ಹೇಳಿದರಂತೆ: "ನಿಮಗೆ ತೋಚಿದಾಗ, ತೋಚಿದ್ದನ್ನ ಕಿತ್ತು ಹಾಕಿ. ನಮಗೆ ಹೇಳಬೇಡಿ."

"ಮೊದಮೊದಲು ಮುಟ್ಟೋಕೇ ಭಯ ಆಗ್ತಿತ್ತು ಕಣ್ರೀ. ಮನೇಲಿ ನಾನು ಒಂದು ಲೋಟ ಒಡೆದ್ರೆ ಅಮ್ಮ ಅಟ್ಟಿಸಿಕೊಂಡು ಬರ್ತಿದ್ಲು. ಇಲ್ಲಿ ನೋಡಿದ್ರೆ, ಹಾಳು ಮಾಡಿ ಅಂತಾರೆ, ಮಾಡಿದ್ಮೇಲೆ ಟೀ ಬೇರೆ ಕೊಡ್ತಾರೆ," ಎಂದು, ಅವರ ಬಗ್ಗೆ ಬರೆಯಲು ಹೋದ ನನ್ನೆದುರು ನಗುತ್ತಾರೆ. ಅದಾಗಿ ಹಲವು ವರ್ಷ. ಬೆಳಗಿನ ಪಾಳಿಯಲ್ಲಿ ಒಮ್ಮೆ ತಂತಿ ಕೀಳುತ್ತಾರೆ, ಒಮ್ಮೆ ಮೊಬೈಲನ್ನೇ ಆರಿಸುತ್ತಾರೆ, ಒಮ್ಮೆ ಕಬ್ಬಿಣದ ಬೀರು ಎಳೆದು ತಂದು ಪೆಟ್ಟಿಗೆಗೆ ಅಡ್ಡ ನಿಲ್ಲಿಸುತ್ತಾರೆ.

ಈ ಸಂಶೋಧನೆಯ ತಿರುಳು ಹೇಳಲು ಸುಲಭ, ಮಾಡಲು ಕಷ್ಟ. ಮೊಬೈಲಿನ ಮೇಲೆ ಬೆರಳಿಟ್ಟರೆ ದೂರದ ಯಂತ್ರ ಆ ಕ್ಷಣವೇ ಮಾತು ಕೇಳಬೇಕು. ಬೆರಳು ಇರುವಷ್ಟು ಹೊತ್ತೂ ಮೊಬೈಲ್ 'ನಾನಿದ್ದೀನಿ, ನಡೆ' ಎಂದು ಗಾಡಿಗೆ ಹೇಳುತ್ತಲೇ ಇರುತ್ತದೆ. ಆ ಮಾತು ನಿಂತರೆ, ಬೆರಳು ಎತ್ತಿರಲಿ, ಸಂಪರ್ಕವೇ ಕಡಿದಿರಲಿ, ಗಾಡಿ ತಾನಾಗಿ ನಿಲ್ಲಬೇಕು. ಈ ಗಾಡಿಗಳು ಹೋಗಬೇಕಾಗಿದ್ದದ್ದು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ. ಹಾಸಿಗೆ ಹೊದಿಕೆಗಳ ರಾಶಿ ಹೊತ್ತು ಜನರ ನಡುವೆಯೇ ಓಡಾಡಬೇಕು.

ಅಲ್ಲಿ ಕಿತಾಪತಿಯ ಸ್ವಂತ ಅಕ್ಕ ಕೆಲಸ ಮಾಡುತ್ತಾರೆ. ಚಿಕ್ಕಂದಿನಲ್ಲಿ ಬಂದ ಜ್ವರ ಅಕ್ಕನ ಕಿವಿ ತೆಗೆದುಕೊಂಡು ಹೋಗಿದೆ. ಅಕ್ಕತಂಗಿಯರು ಜಗಳ ಆಡುವುದೂ ಕೈಸನ್ನೆಯಲ್ಲೇ. "ಜಗಳ ಸಾಕಾದ್ರೆ ಅವಳು ಕಣ್ಣು ಮುಚ್ಕೊಂಡುಬಿಡ್ತಾಳೆ. ಅಲ್ಲಿಗೆ ನಾನು ಸೋತ ಹಾಗೆ," ಎನ್ನುತ್ತಾರೆ. ಮರುಕ್ಷಣ ದನಿ ತಗ್ಗುತ್ತದೆ. "ಬೇರೆಯವರಿಗೆ ಗಾಡಿ ಬರೋ ಸದ್ದು ಕೇಳ್ಸತ್ತೆ, ಪಕ್ಕಕ್ಕೆ ಸರೀತಾರೆ. ಇವಳಿಗೆ ಬೆನ್ನ ಹಿಂದೆ ಬಂದಿದ್ದು ಹೇಗೆ ಗೊತ್ತಾಗ್ಬೇಕು? ಅದು ನಿಂತ್ರೇನೇ ಅವಳು ಉಳಿಯೋದು."

ಗಾಡಿಗಳನ್ನು ಕಳಿಸಲು ದಿನ ನಿಗದಿಯಾಗಿತ್ತು. ಅದಕ್ಕೆ ಸ್ವಲ್ಪ ಮೊದಲು, ಭಾರಕ್ಕೆಂದು ಗಾಡಿಗೆ ಹೇರಿದ್ದ ಹೊದಿಕೆಗಳ ಮೇಲೆ ಕಿತಾಪತಿಯವರ ಕೈಯಿಂದಲೇ ಬಕೆಟ್ ನೀರು ಚೆಲ್ಲಿತು. ಒಣಗಲಿ ಎಂದು ಅವನ್ನು ಸಂಪರ್ಕದ ಪೆಟ್ಟಿಗೆಯ ಮುಂದಿನ ಕೊಳವೆಯ ಮೇಲೆ ಹರವಿ, ಮರೆತೇಬಿಟ್ಟರು. ಗಾಡಿ ಹೊರಟಿತು. ಎಂಜಿನಿಯರ್ ಹುಡುಗ ಬೆರಳು ಎತ್ತಿದ. ಗಾಡಿ ನಿಲ್ಲಲಿಲ್ಲ! ಖಾಲಿ ಬಕೆಟ್ಟನ್ನು ಉರುಳಿಸಿಕೊಂಡು ಮುಂದಕ್ಕೆ ಹೋಗಿಯೇ ಹೋಯಿತು.

ಒದ್ದೆ ಬಟ್ಟೆ ಸಂಪರ್ಕವನ್ನು ಪೂರ್ತಿ ಕಡಿದಿರಲಿಲ್ಲ, ತಡವಾಗಿಸಿತ್ತು. ದಾರಿಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ 'ನಡೆ'ಗಳು ಬೆರಳು ಎತ್ತಿದ ಮೇಲೆ ಒಂದರ ಹಿಂದೊಂದು ಬಂದು ತಲುಪಿದವು. ಗಾಡಿ ಅವನ್ನು ಆಗಷ್ಟೇ ಹೇಳಿದ್ದೆಂದು ನಂಬಿತು.

"ಇದು ಪರೀಕ್ಷೆಯಲ್ಲೇ ಇರ್ಲಿಲ್ಲ, ಬಿಡಿ," ಎಂದ ಹುಡುಗ. ಪಾಪ, ಅವನದೂ ತಪ್ಪಲ್ಲ, ದಿನ ಹತ್ತಿರ ಬಂದಿತ್ತು. ಕಿತಾಪತಿ ಮಾತ್ರ ಗಾಡಿಗೆ ಅಡ್ಡಲಾಗಿ ನಿಂತುಬಿಟ್ಟರು. "ಅಲ್ಲಿ ಇಡೀ ಕೋಣೆ ತುಂಬ ಇರೋದೇ ಒದ್ದೆ ಬಟ್ಟೆ ಕಣಪ್ಪ. ಅಲ್ಲಿ ನನ್ನ ಅಕ್ಕ ಇದಾಳೆ." ಮುಖ್ಯಸ್ಥೆ ದಿನವನ್ನು ಮುಂದಕ್ಕೆ ಹಾಕಿದರು. ಹುಡುಗ ಕೆಲವು ದಿನ ಮುಖ ಗಂಟಿಕ್ಕಿಕೊಂಡಿದ್ದ. ಆಮೇಲೆ ಅವನೇ ಹಟ ಹಿಡಿದು ಕೂತು ದಾರಿ ಹುಡುಕಿದ. ಈಗ ಮೊಬೈಲಿನ ಪ್ರತಿ ಮಾತಿಗೂ ಹೊರಟ ಹೊತ್ತಿನ ಮುದ್ರೆಯಿದೆ. ಹಳಸಿದ ಮಾತನ್ನು ಗಾಡಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ಕಿತಾಪತಿಯವರು ತಿಂಗಳುಗಟ್ಟಲೆ ಒದ್ದೆ ಬಟ್ಟೆ ಹರವಿ ಹರವಿ ಅದರ ಜೀವ ತಿಂದ ಮೇಲೆಯೇ ಒಪ್ಪಿಗೆ ಸಿಕ್ಕಿದ್ದು.

ಗಾಡಿ ಆಸ್ಪತ್ರೆಗೆ ಬಂದ ಮೊದಲ ದಿನ ನಾನೂ ಅಲ್ಲಿದ್ದೇನೆ. ಹಬೆ ತುಂಬಿದ ಕೋಣೆ, ಎಲ್ಲೆಲ್ಲೂ ನೀರಿಳಿಯುವ ಹೊದಿಕೆಗಳು. ಗಾಡಿ ತುಂಬಿಕೊಂಡು ಹೊರಡುತ್ತದೆ. ಬದಿಯ ಬಾಗಿಲಿನಿಂದ ಅಕ್ಕ, ಎದೆಯ ತುಂಬ ದಿಂಬಿನ ಚೀಲ ಅವಚಿಕೊಂಡು, ಅದರ ದಾರಿಗೇ ಇಳಿಯುತ್ತಾರೆ. ಗಾಡಿಯತ್ತ ಬೆನ್ನು. ಹುಡುಗ ಬೆರಳು ಎತ್ತುತ್ತಾನೆ. ಗೋಡೆಗೆ ಒರಗಿದ ಕಿತಾಪತಿಯವರ ಎರಡೂ ಕೈ ಏಪ್ರನ್ನನ್ನು ಹಿಂಡುತ್ತಿವೆ.

ಗಾಡಿ ನಿಲ್ಲುತ್ತದೆ. ಅಕ್ಕ, ಕೈಜಾರಿದ ಚೀಲವೊಂದನ್ನು ಬಗ್ಗಿ ಎತ್ತಿಕೊಂಡು, ತಿರುಗಿಯೂ ನೋಡದೆ ತಮ್ಮ ಪಾಡಿಗೆ ತಾವು ಹೋಗುತ್ತಾರೆ.

ನನಗೇ ಹೆಮ್ಮೆಯೆನಿಸುತ್ತದೆ. ಸಂಜೆ ಅಕ್ಕನಿಗೆ ಇದನ್ನೆಲ್ಲ ಹೇಳುತ್ತೀರಾ ಎಂದು ಕೇಳುತ್ತೇನೆ. ಕಿತಾಪತಿಯವರು ಕಣ್ಣೊರೆಸಿಕೊಂಡು, ಮುಖ ತುಂಬ ನಗುತ್ತಾರೆ.

"ಏನಂತ ಹೇಳ್ಲಿ? ಅವಳಿಗೆ ಏನೂ ಆಗಲೇ ಇಲ್ವಲ್ಲ!"