ನಾಲ್ಕು ಬುಟ್ಟಿ, ನಾಲ್ಕು ಮರಿ

ನಮ್ಮ ಮಾವನವರ ಲೆಕ್ಕದಲ್ಲಿ ದುಂಡು ಹೊಟ್ಟೆ ಅಂದರೆ ಆರೋಗ್ಯ. ಕುರಿಯದಿರಲಿ, ಮೊಮ್ಮಗನದಿರಲಿ, ನಾಯಿಮರಿಯದಿರಲಿ, ಹೊಟ್ಟೆ ಮುಂದೆ ಬಂದಿದ್ದರೆ ಆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದೇ ಅವರ ತೀರ್ಮಾನ. ನಾನು ಅಂಗನವಾಡಿ ಟೀಚರು. ಹೊಟ್ಟೆ ದಪ್ಪ, ಕಾಲು ಕಡ್ಡಿ ಇರುವ ಕೂಸು ಕಂಡರೆ ನನಗೆ ಮೊದಲು ನೆನಪಾಗುವುದು ಜಂತುಹುಳ. ಹೀಗಾಗಿ ಹೋದ ಚಳಿಗಾಲದಲ್ಲಿ ಪಾಲಬಾವಿಯ ನಮ್ಮ ತೋಟದ ಮನೆಯ ಹೆಣ್ಣುನಾಯಿ ಒಣಗಿದ ಜೋಳದ ದಂಟಿನ ಬಣಿವೆಯ ಸಂದಿಯಲ್ಲಿ ಆರು ಮರಿ ಹಾಕಿದಾಗಲೇ ನಮ್ಮಿಬ್ಬರ ಜಗಳಕ್ಕೆ ಜಾಗ ಸಿದ್ಧವಾಗಿತ್ತು.

ಮರಿಗಳು ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಮಾವ ಕಬ್ಬಿನ ಟ್ರ್ಯಾಕ್ಟರಿನವರನ್ನೂ ನಿಲ್ಲಿಸಿ ಅವುಗಳ ಹೊಟ್ಟೆ ತೋರಿಸುತ್ತಿದ್ದರು. ತಾಯಿಯ ಹಾಲು ಸಾಲದೆಂದು ಮೇಲೆ ಜೋಳದ ಅಂಬಲಿ ಬೇರೆ. ಅಷ್ಟು ಜನ ನೋಡಿದರೆ ದೃಷ್ಟಿಯಾದೀತೆಂದು ಆರಕ್ಕೂ ಕೊರಳಿಗೆ ಕರಿದಾರ ಕಟ್ಟಿದರು. ಕರೆದು ತೋರಿಸುವವರೂ ಇವರೇ, ದೃಷ್ಟಿಯಾಗುತ್ತದೆಂದು ದಾರ ಕಟ್ಟುವವರೂ ಇವರೇ. ನನಗೆ ತಡೆಯಲಾಗಲಿಲ್ಲ.

"ಮಾವಾರ, ಅದು ಉಂಡ ಹೊಟ್ಟಿ ಅಲ್ರಿ. ಜಂತ ಆಗ್ಯಾವು."

"ಹಾಲ ಅಂಬಲಿ ಬಿಟ್ಟ ಏನೂ ತಿಂದಿಲ್ಲ. ಜಂತ ಎಲ್ಲಿಂದ ಬರ್ತಾವ? ನಿಮ್ಮ ಅಂಗನವಾಡಿ ಹುಡುಗೂರಂಗ ಮಣ್ಣ ತಿಂತಾವೇನ?"

ಒಂದೇ ವಾರದಲ್ಲಿ ಎರಡು ಮರಿ ಸತ್ತವು. ಮೂರನೆಯದು ಮಾವನ ಕಣ್ಣೆದುರೇ ಶಾವಿಗೆ ಮುದ್ದೆಯಂಥದೊಂದನ್ನು ಕಾರಿತು. ಆ ಶಾವಿಗೆ ಅಲುಗಾಡುತ್ತಿತ್ತು. ಮುಂದೆ ಎಷ್ಟೋ ದಿನ ನಮ್ಮ ಮನೆಯಲ್ಲಿ ಶಾವಿಗೆ ಬಸಿಯಲಿಲ್ಲ.

ಮಾವನವರ ಸಂಕಟ ಏನೆಂದು ಇಲ್ಲಿ ಹೇಳಬೇಕು. ಅವರು ಹುಟ್ಟಾ ಕುರಿಗಾರರು. ಈ ನಾಯಿಯ ತಾಯಿ, ಅದರ ತಾಯಿ, ಎಲ್ಲವೂ ಹಿಂಡಿನ ಹಿಂದೆ ಅವರ ಜೊತೆ ಊರೂರು ನಡೆದವು. ಎರಡು ವರ್ಷದ ಹಿಂದೆ ಅವರು ಜಂತಿನ ಔಷಧ ಕುಡಿಸುವಾಗ ಮರೆತು ಕೆಲವು ಕುರಿಮರಿಗಳಿಗೆ ಎರಡೆರಡು ಸಲ ಕುಡಿಸಿದರು. ಐದು ಸತ್ತವು. ನನ್ನ ಗಂಡ ಒಂದು ಮಾತೂ ಆಡದೆ ಹಿಂಡನ್ನೇ ಮಾರಿಬಿಟ್ಟ. ಉಳಿದದ್ದು ನಾಲ್ಕು ಮೇಕೆ, ಈ ಮುದಿ ನಾಯಿ. ಅದು ಇನ್ನು ಮರಿ ಹಾಕುವುದಿಲ್ಲ. ಬದುಕಿದ್ದ ನಾಲ್ಕು ಮರಿಗಳಲ್ಲಿ ಹೆಣ್ಣು ಒಂದೇ, ಅದೂ ಎಲ್ಲಕ್ಕಿಂತ ಚಿಕ್ಕದು. ಅವತ್ತು ಸಂಜೆ ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇದೊಂದ ಉಳೀಬೇಕವ್ವ. ಇದ ಹೋದರ ಆ ಬಳ್ಳೀನ ಹರದಂಗ" ಅಂದರು. ನಾನು ಮದುವೆಯಾಗಿ ಬಂದಾಗಿನಿಂದ ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

ರಾಯಬಾಗದ ದನದ ದವಾಖಾನೆಗೆ ನಾನೇ ಹೋದೆ. ಅಲ್ಲಿಯ ಡಾಕ್ಟರು ನನ್ನ ಮಾತು ಪೂರ್ತಿ ಕೇಳಿ, ಜಂತು ತಾಯಿಯ ಹೊಟ್ಟೆಯಿಂದಲೇ ಬರುತ್ತದೆ, ಹಾಲಿನಲ್ಲೂ ಬರುತ್ತದೆ ಅಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಾವನಿಗೆ ಹೇಳಲು ಬಾಯಿ ತುರಿಸತೊಡಗಿತು.

"ಕುರಿ ಔಷಧ ಹಾಕಬ್ಯಾಡ್ರಿ" ಅಂದರು ಡಾಕ್ಟರು. "ಮರೀನ ತೂಕ ಮಾಡಿ, ತೂಕದ ಮ್ಯಾಲೆ ಕುಡಸ್ರಿ. ಹದಿನೈದ ದಿನಕ್ಕ ಮತ್ತೊಮ್ಮೆ. ತಾಯಿಗೂ ಗುಳಿಗಿ ಹಾಕ್ರಿ. ಆ ಸಣ್ಣ ಮರಿ ಭಾಳ ನಾಜೂಕ ಐತಿ ಅಂತೀರಿ. ಒಂದ ದಿನ ಎರಡ ಸಲ ಔಷಧ ಬಿದ್ದರ ತಡಕೊಳ್ಳೂದಿಲ್ಲ. ಔಷಧ ಬೀಳಲಿಲ್ಲಂದ್ರ ಹುಳಾನ ಅದನ್ನ ಮುಗಸ್ತಾವ."

ಔಷಧದ ಬಾಟಲಿಯ ಜೊತೆ ಗಂಡುಮರಿಗಳಿಗೆ ಒಂದು ದೊಡ್ಡ ಸಿರಿಂಜ್, ಹೆಣ್ಣಿಗೆ ಒಂದು ಸಣ್ಣ ಸಿರಿಂಜ್ ಕೊಟ್ಟರು, ಸೂಜಿ ಇಲ್ಲದ್ದು.

ಇನ್ನು ತೂಕ. ನಮ್ಮ ಮನೆಯಲ್ಲಿ ತಕ್ಕಡಿ ಇಲ್ಲ. ಅಂಗನವಾಡಿಯಲ್ಲಿ ಕೂಸುಗಳನ್ನು ತೂಗುವ ತೂಗುತಕ್ಕಡಿ ಇದೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಕೂಸಿನ ಜೋಳಿಗೆ ತೆಗೆದಿಟ್ಟು, ನನ್ನ ಬಜಾರದ ಥೈಲಿ ಕಟ್ಟಿ, ಒಂದೊಂದೇ ಮರಿಯನ್ನು ಅದರಲ್ಲಿ ಇಳಿಬಿಟ್ಟೆ. ಸಣ್ಣದು ಜೋಲಾಡುತ್ತ ನನ್ನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ನಮ್ಮ ಪಕ್ಕದ ತೋಟದ ಹೆಂಗಸು ಮಗಳ ಪಾಲಿನ ಹಿಟ್ಟು ಒಯ್ಯಲು ಬಂದಳು. ಬಾಗಿಲಲ್ಲಿ ನಿಂತು ಥೈಲಿಯಿಂದ ಹೊರಬಿದ್ದಿದ್ದ ಬಾಲವನ್ನು ಬಹಳ ಹೊತ್ತು ನೋಡಿದಳು.

"ಟೀಚರ, ಇವಕ್ಕೂ ಮೊಟ್ಟಿ ಚಾಲೂ ಆಗ್ಯಾವನ್ರಿ?"

ಆಕೆ ನಗಲಿಲ್ಲ. ನಿಜವಾಗಿಯೇ ಕೇಳಿದ್ದಳು.

ಮರುದಿನ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಔಷಧದ ಕಾರ್ಯಕ್ರಮ. ಕುಡಿಸುವವರು ಮಾವ, ಅದರಲ್ಲಿ ಎರಡು ಮಾತಿಲ್ಲ. "ಸಾವಿರ ಕುರೀಗೆ ಕುಡಿಸಿದ ಕೈ ಇದು" ಎಂದು ತೊಡೆಸಂದಿಯಲ್ಲಿ ಮರಿಯನ್ನು ಸಿಕ್ಕಿಸಿಕೊಂಡು ಕೂತರು. ಪಕ್ಕದಲ್ಲಿ ಒಂದು ತೆಂಗಿನ ಪರಟೆ ತುಂಬ ಕಲಸಿದ ಹುರಮಂಜು, ಅದೇ ಗೋಡೆಗೆ ಬಳಿಯುವ ಕೆಂಪುಮಣ್ಣು. ಕುರಿಗೆ ಔಷಧ ಕುಡಿಸಿದ ಕೂಡಲೇ ಬೆನ್ನಿಗೆ ಕೆಂಪು ಹಚ್ಚುವುದು ಕುರಿಗಾರರ ರೂಢಿ. ಕುಡಿದದ್ದು ಯಾವುದು, ಕುಡಿಯದ್ದು ಯಾವುದು ಹಿಂಡಿನಲ್ಲಿ ಗೊತ್ತಾಗಬೇಕಲ್ಲ. ಎರಡು ವರ್ಷದ ಹಿಂದೆ ಹುರಮಂಜು ಮುಗಿದಿತ್ತು, ಅದಕ್ಕೇ ಹಾಗಾಯಿತು ಎಂಬುದು ಅವರ ವಾದ.

ನಾನು ತುಂಬಿಕೊಡುವುದು, ಅವರು ಕುಡಿಸುವುದು, ಕೆಂಪು ಹಚ್ಚಿ ಬಿಡುವುದು. ಎರಡು ಮರಿ ಸುಸೂತ್ರವಾಗಿ ಮುಗಿದವು. ಮೂರನೆಯದಕ್ಕೆ ತುಂಬಿ ಕೊಡುವಷ್ಟರಲ್ಲಿ ನಮ್ಮ ಮೇಲ್ವಿಚಾರಕಿಯ ಫೋನು. ಮಕ್ಕಳ ಫೋಟೊ ಇನ್ನೂ ಯಾಕೆ ಹಾಕಿಲ್ಲ ಎಂದು ಕೇಳಲು ಅವರಿಗೆ ಭಾನುವಾರವೇ ಆಗಬೇಕು. ನಾನು ಬೇವಿನ ಗಿಡದ ಕಡೆ ಹೋಗಿ ನಿಂತು ಹೌದ್ರಿ ಮೇಡಂ, ಆತ್ರಿ ಮೇಡಂ ಎಂದು ಮುಗಿಸಿ ಬರುವಷ್ಟರಲ್ಲಿ ಅಂಗಳದಲ್ಲಿ ಬೇರೆಯೇ ಲೋಕ.

ಕುರಿ ತನ್ನ ಮರಿಯ ಬೆನ್ನಿನ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಾಯಿ ಹಾಗಲ್ಲ. ನಮ್ಮ ನಾಯಿ ನಾಲ್ಕೂ ಮರಿಗಳನ್ನು ಬಣಿವೆಯ ಬುಡಕ್ಕೆ ಎಳೆದೊಯ್ದು ಒಂದೂ ಕಲೆ ಉಳಿಯದಂತೆ ನೆಕ್ಕಿ ತೊಳೆದಿತ್ತು. ಹುರಮಂಜೆಲ್ಲ ಅದರ ಮೂತಿಯ ಮೇಲೆ. ಹಾದಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದ ಹೆಂಗಸು ಆ ಕೆಂಪು ಮೂತಿ ಕಂಡವಳೇ ತನ್ನ ಕೋಳಿ ಎಣಿಸಲು ಮನೆಗೆ ಓಡಿದಳು. ಇಲ್ಲಿ ಸಣ್ಣ ಸಿರಿಂಜ್ ಮಣ್ಣಿನಲ್ಲಿ ಖಾಲಿ ಬಿದ್ದಿತ್ತು. ಅದರ ಕೆಳಗೆ ಮಣ್ಣು ಒದ್ದೆಯಾಗಿತ್ತು.

"ಎಲ್ಲಾಕೂ ಕುಡಿಸೇನಿ" ಅಂದರು ಮಾವ.

"ಸಣ್ಣದಕ್ಕ?"

"ಸಣ್ಣದಕ್ಕೂ."

"ಮತ್ತ ಇಲ್ಲಿ ಮಣ್ಣ ಹಸಿ ಆಗೇತಲ್ರಿ. ನಾ ತುಂಬಿಟ್ಟಿದ್ದು ಇಲ್ಲೇ ಚೆಲ್ಲೇತಿ. ಅದಕ್ಕ ಕುಡಿಸಿಲ್ಲ ನೀವು."

"ಕುಡಿಸೇನಿ ಅಂದ್ನೆಲ್ಲ. ಆ ಹಸಿ ನಾಯಿ ಜೊಲ್ಲು."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟಿಗೆ ಹಿಂದು ಮುಂದು ಇಲ್ಲ. "ಎರಡ ವರ್ಷದ ಹಿಂದೂ ಹಿಂಗ ಎಲ್ಲಾ ನೆನಪೈತಿ ಅಂದಿದ್ರಿ" ಅಂದುಬಿಟ್ಟೆ.

ಮಾವ ತಲೆಯ ಪಟಕಾ ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಆ ಮಾತು ಆಡಬಾರದಿತ್ತು. ಅದು ನನಗೆ ಆಗಲೇ ಗೊತ್ತಾಯಿತು, ಆದರೆ ತಪ್ಪಾಯಿತು ಎನ್ನುವ ಬದಲು ಬಿದ್ದ ಸಿರಿಂಜ್ ಎತ್ತಿ ತೊಳೆಯತೊಡಗಿದೆ.

ಕೊನೆಗೆ ದಾರಿ ಹೇಳಿದವರೂ ಅವರೇ. "ಕುಡದದ್ದಕ್ಕ ಹುಳ ಬೀಳ್ತಾವ, ಕುಡೀಲಾರದ್ದಕ್ಕ ಬೀಳೂದಿಲ್ಲ. ನೋಡಿ ಬಿಡೂಣು" ಎಂದು, ಹಿಂದೆ ಕುರಿಮರಿ ಮುಚ್ಚುತ್ತಿದ್ದ ನಾಲ್ಕು ಬುಟ್ಟಿ ತಂದು, ಒಂದೊಂದು ಮರಿಯನ್ನು ಒಂದೊಂದರ ಕೆಳಗೆ ಕವುಚಿದರು. ಒಂದರ ಬೆನ್ನಿಗಂಟಿ ಇನ್ನೊಂದು ಹೊಲಸು ಮಾಡಿದರೆ ಸಾಕ್ಷಿ ಕೆಡುತ್ತದಲ್ಲ. ನಾಯಿಯನ್ನು ಗೂಟಕ್ಕೆ ಕಟ್ಟಿ, ಮರಿಗಳನ್ನು ಸರದಿಯಂತೆ ಹಾಲಿಗೆ ಬಿಟ್ಟು, ಮತ್ತೆ ಬುಟ್ಟಿಗೆ. ಮಾವ ಒಂದು ಕಡೆ, ನಾನು ಒಂದು ಕಡೆ, ನಡುವೆ ನಾಲ್ಕು ಬುಟ್ಟಿ.

ಕೋಳಿ ಎಲ್ಲ ಸರಿಯಿವೆ ಎಂದು ಗೊತ್ತಾದ ಮೇಲೆ ಪಕ್ಕದ ತೋಟದವಳು ಬಂದಳು. "ಏನ್ ಕಾಯಾಕತ್ತೀರಿ ಯಜಮಾನ್ರ?"

"ಅವು ಹೊರಕಡಿಗಿ ಹೋಗೂದನ್ನ" ಅಂದರು ಮಾವ, ಪಂಚಾಯಿತಿ ಕಟ್ಟೆಯಲ್ಲಿ ಕೂತವರ ಗತ್ತಿನಿಂದ.

ಆಕೆ ಸೆರಗು ಸರಿಮಾಡಿಕೊಂಡು ತಾನೂ ಕೂತಳು.

ಮಧ್ಯಾಹ್ನ ಒಂದನೆಯ ಬುಟ್ಟಿ. ಮೂರು ಗಂಟೆಗೆ ನಾಲ್ಕನೆಯದು. ಹೊತ್ತು ಇಳಿಯುವಾಗ ಎರಡನೆಯದು. ಪ್ರತಿ ಸಲ ಕಡ್ಡಿ ಹಿಡಿದು ನೋಡಿ ಹುಳ ಇವೆ ಎಂದು ನಾನು ಹೇಳಬೇಕು, ಗುಂಡಿ ತೋಡಿ ಮಾವ ಹುಗಿಯಬೇಕು, ಇಬ್ಬರೂ ಸಾಬೂನು ಹಚ್ಚಿ ಕೈ ತೊಳೆಯಬೇಕು. ಮೂರನೆಯ ಬುಟ್ಟಿಯ ಕೆಳಗಿನ ಹೆಣ್ಣುಮರಿ ಮಾತ್ರ ದಿನವೆಲ್ಲ ನಿದ್ದೆ ಮಾಡಿತು. ಇನ್ನೊಮ್ಮೆ ಕುಡಿಸೋಣವೇ ಎಂದು ನನ್ನ ಕೈ ಎರಡು ಸಲ ಬಾಟಲಿಯ ಕಡೆ ಹೋಯಿತು. ಡಾಕ್ಟರ ಮಾತು ನೆನಪಾಗಿ ಎರಡು ಸಲವೂ ಹಿಂದೆಳೆದುಕೊಂಡೆ. ಮಾವ ಅದನ್ನು ನೋಡಿಯೂ ನೋಡದವರಂತೆ ಇದ್ದರು. ಕತ್ತಲಾದಾಗ ಆ ಬುಟ್ಟಿಯನ್ನು ತಾವು ಮಲಗುವ ಹೊರಸಿನ ಪಕ್ಕ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಎಣಿಕೆ ಹೇಳಿಕೊಡುತ್ತಿದ್ದೆ. ಫೋನು ಬಂತು. ನನ್ನ ಫೋನಿನ ಕಿವಿ ಕೆಟ್ಟಿದೆ, ಎಲ್ಲರಿಗೂ ಕೇಳುವಂತೆ ಹಚ್ಚಿದರೆ ಮಾತ್ರ ಕೇಳುತ್ತದೆ.

"ಬಿದ್ದಾವು" ಅಂದರು ಮಾವ.

"ಸಣ್ಣದಕ್ಕ? ಖರೇನ್ರಿ? ಎಷ್ಟ?"

"ಹನ್ನೊಂದ."

"ಹನ್ನೆರಡು" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿ ಮುಂದುವರಿಸಿದವು. ಇಪ್ಪತ್ತರ ತನಕ ಹೋಗಿ ಚಪ್ಪಾಳೆ ತಟ್ಟಿಕೊಂಡವು. ಮಾವ ಅಷ್ಟೂ ಹೊತ್ತು ಫೋನು ಇಡದೆ ಕೇಳಿದರು. ನನಗೆ ಅಳು ಬರುವಂತಾಗಿ ಮೂಗೊರೆಸಿಕೊಂಡು, "ಕೈ ತೊಳಕೊಂಡ್ರಿ? ಸಾಬೂನ ಹಚ್ಚಿ?" ಎಂದು ಕೇಳಿದೆ. ಅಷ್ಟೇ ಸಾಧ್ಯವಾಯಿತು.

ಮುಂದಿನ ಹದಿನೈದು ದಿನ ಮಾವ ತೋಟದ ಹಾದಿಯಲ್ಲಿ ಎದೆ ಮುಂದೆ ಮಾಡಿ ನಡೆದರು. ನನ್ನ ಗಂಡನಿಗೆ ಮೂರು ಸಲ ಹೇಳಿದರು: ಸೊಸಿ ಮರತೇರಿ ಅಂದ್ಲು, ಹುಳ ಸಾಕ್ಷಿ ಹೇಳಿದವು. ನಾನು ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದೆ.

ಎರಡನೆಯ ಸರತಿ ಬಂತು. ಹುರಮಂಜು ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಪೋಲಿಯೊ ಹನಿ ಹಾಕಿದ ಕೂಸಿನ ಎಡಗೈ ಕಿರುಬೆರಳಿಗೆ ನಾವು ಮಸಿ ಹಚ್ಚುತ್ತೇವೆ, ನಾಲ್ಕು ದಿನ ಹೋಗುವುದಿಲ್ಲ. ಮರಿಯ ಉಗುರೇ ಕಪ್ಪು, ಮಸಿ ಕಾಣುವುದಿಲ್ಲ. ಅದಕ್ಕೆ ನನ್ನ ಗುಲಾಬಿ ಬಣ್ಣದ ನೇಲ್ ಪಾಲಿಶ್ ತಂದೆ. ಮಾವ ಆ ಪುಟ್ಟ ಶೀಶೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಈಗ ಗಲಾಟೆ ಆಗುತ್ತದೆ ಎಂದು ನಾನು ಸೆರಗು ಕಟ್ಟಿ ನಿಂತೆ.

"ಈ ಸಲ ನೀನ ಕುಡಸವ್ವ. ನಾ ಗುರುತು ಹಚ್ಚತೇನಿ" ಅಂದರು.

ನಾನು ಕುಡಿಸಿದೆ. ಅವರು ಒಂದೊಂದೇ ಮರಿಯ ಮುಂಗಾಲು ಹಿಡಿದು, ನಾಲಿಗೆ ಹೊರಗೆ ಚಾಚಿ, ಕಿರುಉಗುರಿಗೆ ಗುಲಾಬಿ ಹಚ್ಚಿದರು. ಸಾವಿರ ಕುರಿಗೆ ಕುಡಿಸಿದ ಕೈ ಅರ್ಧ ಗುಲಾಬಿಯನ್ನು ಕೂದಲಿಗೇ ಬಳಿಯಿತು. ಕೊನೆಯದು ಹೆಣ್ಣುಮರಿ. ಅದರ ಉಗುರು ಒಣಗಲೆಂದು ಊದುತ್ತ, ತಲೆ ಎತ್ತದೆ ಹೇಳಿದರು: "ಅವತ್ತು ಇದಕ್ಕ ಕುಡಿಸಿದ್ದು ನನಗ ನೆನಪ ಇದ್ದಿದ್ದಿಲ್ಲವ್ವ. ಸುಮ್ನ ಅಂದಿದ್ದೆ."

ನನಗೂ ನೆನಪಿರಲಿಲ್ಲ. ಸಣ್ಣ ಸಿರಿಂಜನ್ನು ತುಂಬಿಟ್ಟು ಫೋನಿಗೆ ಹೋದೆನೋ, ತುಂಬದೆಯೇ ಹೋದೆನೋ, ಇವತ್ತಿಗೂ ಗೊತ್ತಿಲ್ಲ. ಆದರೂ ಪ್ರಮಾಣ ಮಾಡಿದವಳಂತೆ ಮಾತಾಡಿ, ಎರಡು ವರ್ಷದ ಹಳೆಯ ಗಾಯ ಕೆದರಿದ್ದೆ. ಅದನ್ನು ಆಗಲೇ ಹೇಳಬೇಕಿತ್ತು.

"ಕಾಲ ಬರೋಬ್ಬರಿ ಹಿಡೀರಿ ಮಾವಾರ, ಅಲಗಾಡತೈತಿ" ಅಂದೆ.