ಎಣ್ಣೆ ಗಿರಣಿಯ ಪೈಲ್ವಾನಕ್ಕ

ಬೀದಿಯವರು ಅವಳಿಗೆ ಪೈಲ್ವಾನಕ್ಕ ಎಂದು ಹೆಸರಿಟ್ಟದ್ದು ಹೊಗಳಿಕೆಗಲ್ಲ. ಅಪ್ಪನ ಎಣ್ಣೆ ಗಿರಣಿಗೆ ಕಡಲೆಕಾಯಿ ಲಾರಿ ಬಂದ ದಿನ ಹಮಾಲರು ಚಹಾ ಕುಡಿಯಲು ಹೋಗಿದ್ದರು. ಅವರು ಹಿಂತಿರುಗುವಷ್ಟರಲ್ಲಿ ಅವಳು ಒಂದೊಂದೇ ಮೂಟೆಯನ್ನು ಬೆನ್ನಿಗೇರಿಸಿಕೊಂಡು ಅರ್ಧ ಲಾರಿ ಖಾಲಿ ಮಾಡಿದ್ದಳು. ಆಗಿನ್ನೂ ಕಾಲೇಜು ಸೇರಿದ ಹೊಸತು. ಎದುರು ಮನೆಯ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ, "ಏನಮ್ಮಾ ಪೈಲ್ವಾನಕ್ಕ, ನಿನ್ನ ಅಳತೆ ತಗೊಳ್ಳೋಕೆ ನನ್ನ ಟೇಪು ಸಾಲಲ್ಲ ಬಿಡು" ಎಂದು ಕೂಗಿದ. ಬೀದಿಯೆಲ್ಲ ನಕ್ಕಿತು. ಅಮ್ಮ ಮಾತ್ರ ಮನೆಯೊಳಗೆ ಪಾತ್ರೆ ಕುಕ್ಕಿದಳು.

ಅವಳ ಹಣೆಬರಹ ತಿರುಗಿದ್ದೂ ಅದೇ ಗಿರಣಿಯ ಬಾಗಿಲಲ್ಲಿ. ಕಾಲೇಜಿನ ಭಾರ ಎತ್ತುವ ತಂಡದ ಕೋಚ್ ಆಗಾಗ ಅಲ್ಲಿಗೆ ಬರುತ್ತಿದ್ದರು. ಅಡುಗೆಗಲ್ಲ, ತಮ್ಮ ಕಬ್ಬಿಣದ ರಾಡುಗಳಿಗೆ ತುಕ್ಕು ಹಿಡಿಯದಂತೆ ಸವರಲು ಒಂದು ಸಣ್ಣ ಬಾಟಲಿ ಎಣ್ಣೆ ಒಯ್ಯುತ್ತಿದ್ದರು. ಅವಳು ಹಿಂಡಿಯ ಚೀಲವನ್ನು ತಲೆಯ ಮೇಲಕ್ಕೆತ್ತಿ ಅಟ್ಟಕ್ಕೆ ತಳ್ಳುವುದನ್ನು ಕಂಡು ಬಾಟಲಿ ಮರೆತು ನಿಂತರು.

"ನಾಳೆಯಿಂದ ಈ ಹುಡುಗೀನ ಅಭ್ಯಾಸಕ್ಕೆ ಕಳಿಸಿ" ಎಂದರು ಅಪ್ಪನಿಗೆ.

"ಅವಳು ನನ್ನ ಮಾತು ಎಲ್ಲಿ ಕೇಳ್ತಾಳೆ ಸಾರ್? ನೀವೇ ಕೇಳಿ ನೋಡಿ" ಎಂದ ಅಪ್ಪ. ಅವನ ಮುಖ ಮಾತ್ರ ಹಿಗ್ಗಿತ್ತು.

ಕೋಚ್ ಒಳ್ಳೆಯ ಮನುಷ್ಯ. ಕೈಹಿಡಿದು ಕಲಿಸಿದರು. ಆದರೆ ಊಟದ ವಿಷಯಕ್ಕೆ ಬಂದರೆ ಅವರದು ಒಂದೇ ಹಟ. "ಮೈ ಕಟ್ಟಬೇಕಾ? ಹಾಗಾದರೆ ಕೊಬ್ಬು ನಿನ್ನ ವೈರಿ. ಎಣ್ಣೆ ಕಬ್ಬಿಣಕ್ಕೆ ಒಳ್ಳೇದು, ಮನುಷ್ಯರಿಗಲ್ಲ." ಬೇಯಿಸಿದ ಕೋಳಿ, ಬೇಯಿಸಿದ ತರಕಾರಿ, ಒಣ ಬ್ರೆಡ್ಡು, ಮೊಟ್ಟೆಯ ಬಿಳಿ. ಹಳದಿ ಬಿಸಾಕಬೇಕು.

ಎಣ್ಣೆಯನ್ನೇ ನಂಬಿ ಬದುಕಿದ ಮನೆಯಲ್ಲಿ ಮಗಳಿಗೂ ಎಣ್ಣೆಗೂ ಎಣ್ಣೆ-ಸೀಗೆಕಾಯಿ ಸಂಬಂಧವಾಯಿತು. ಅಮ್ಮ ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ ಮಾಡತೊಡಗಿದಳು. ದಿನಾ ಎಸೆಯುವ ಹಳದಿಗೆ ಪಕ್ಕದ ಮನೆಯ ಬೆಕ್ಕು ಕಾದು ಕೂರತೊಡಗಿತು. ನಾಲ್ಕು ತಿಂಗಳಾಗುವಷ್ಟರಲ್ಲಿ ಅದರ ಕೂದಲು ರೇಷ್ಮೆಯಂತೆ ಮಿಂಚುತ್ತಿತ್ತು. "ಸಾಮು ಮಾಡೋದು ನೀನು, ಮೈ ಬರ್ತಿರೋದು ಬೆಕ್ಕಿಗೆ" ಎಂದಳು ಅಮ್ಮ.

ಮೊದಲೆಲ್ಲ ಗಿರಣಿಯಿಂದ ನೇರ ಮನೆಗೆ ಬರುತ್ತಿದ್ದ ಅಪ್ಪ ಆಮೇಲಾಮೇಲೆ ತಡವಾಗಿ, ತಲೆ ಒದ್ದೆ ಮಾಡಿಕೊಂಡು ಬರತೊಡಗಿದ. ಕಾರಣವನ್ನು ಒಂದು ದಿನ ಅಮ್ಮನೇ ಬಾಯಿಬಿಟ್ಟಳು. "ಅಲ್ಲೇ ನಲ್ಲಿ ಕೆಳಗೆ ಕೂತು ಸೋಪು ಉಜ್ಜಿಕೊಂಡು ಬರ್ತಾರೆ ಕಣೇ. ಬಿಸಿ ಎಣ್ಣೆ ವಾಸನೆ ಮೂಗಿಗೆ ಬಡಿದರೆ ಮಗೂಗೆ ಹಸಿವಾಗತ್ತೆ, ಅದರ ವ್ರತ ಕೆಡತ್ತೆ ಅಂತ." ಅವಳು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಳು.

ಮೊದಲ ಕೆಲವು ತಿಂಗಳು ಭಾರ ಏರಿತು, ನಿಜ. ಆ ವಯಸ್ಸೇ ಅಂಥದು, ಕಲ್ಲು ತಿಂದರೂ ಕರಗುವ ವಯಸ್ಸು. ಆಮೇಲೆ ನಿಂತುಬಿಟ್ಟಿತು. ತುಟಿ ಒಡೆಯಿತು, ಬಾಚಣಿಗೆ ತುಂಬ ಕೂದಲು ಬಂತು. ಮೊಣಕಾಲು ಹಳೆಯ ಬಾಗಿಲಿನಂತೆ ಕಿರುಗುಟ್ಟತೊಡಗಿತು. ಬೇಸಿಗೆಯಲ್ಲೂ ಚಳಿ. ತಿಂಗಳ ಮುಟ್ಟೂ ನಿಂತಿತು. ಅದನ್ನು ಅವಳು ಅಮ್ಮನಿಗೂ ಹೇಳಲಿಲ್ಲ. ಅಷ್ಟರಲ್ಲಿ ಸ್ಪರ್ಧೆ ಬಂತು. ದಿನವೂ ಎತ್ತುತ್ತಿದ್ದ ಭಾರವನ್ನೇ ಅಂದು ಮೂರು ಸಲ ಪ್ರಯತ್ನಿಸಿ, ಮೂರು ಸಲವೂ ಕೆಳಕ್ಕೆ ಬಿಟ್ಟಳು. ವಾರ ಕಳೆದು ಅಭ್ಯಾಸದ ಕೋಣೆಯಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು.

ಕೋಚೇ ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದ ಡಾಕ್ಟರಮ್ಮ ಮಾತಿಗೆ ಮೊದಲು ಕಣ್ಣರೆಪ್ಪೆ, ಉಗುರು, ನಾಲಿಗೆ ಎಲ್ಲ ನೋಡಿದರು. ಕೋಚರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಅವಳ ಬಾಯಿಂದ ಎಲ್ಲ ಹೊರಡಿಸಿದರು. ಆಮೇಲೆ ಅವಳನ್ನು ಕೇಳಿಯೇ ಕೋಚರನ್ನು ಒಳಗೆ ಕರೆದರು.

"ಈ ಹುಡುಗಿ ಎಷ್ಟು ದಿನದಿಂದ ಕೊಬ್ಬಿನಂಶ ತಿಂದಿಲ್ಲ?"

"ಹತ್ತಿರ ಹತ್ತಿರ ವರ್ಷವಾಯ್ತು ಮೇಡಂ. ಮೈ ಕಟ್ಟೋಕೆ..."

"ಕಟ್ಟೋಕೆ ಹೋಗಿ ಕೆಡವಿದೀರಿ. ಸ್ನಾಯು ಬೆಳೆಸೋಕೆ ಪ್ರೋಟೀನ್ ಬೇಕು, ಸರಿ. ಆದರೆ ಬೆಳಿ ಅಂತ ಮೈಗೆ ಹೇಳೋ ಹಾರ್ಮೋನುಗಳಲ್ಲಿ ಕೆಲವು ತಯಾರಾಗೋಕೆ ಕೊಬ್ಬೇ ಬೇಕು. ಕೆಲವು ವಿಟಮಿನ್ ಕೊಬ್ಬಿಲ್ಲದೆ ಮೈಗೆ ಹತ್ತೋದೂ ಇಲ್ಲ. ಮೇಲಾಗಿ ಇವಳು ಎತ್ತೋ ಭಾರಕ್ಕೂ ತಿನ್ನೋ ಊಟಕ್ಕೂ ತಾಳೆನೇ ಇಲ್ಲ. ಮೈ ಬಡಪಾಯಿ ಏನು ಮಾಡತ್ತೆ? ಇರೋದನ್ನ ಉಳಿಸಿಕೊಳ್ಳೋಕೆ ಒಂದೊಂದೇ ಕೆಲಸ ನಿಲ್ಲಿಸ್ತಾ ಬಂದಿದೆ."

ಕೋಚ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ಮೆಲ್ಲಗೆ ಹೇಳಿದರು, "ನಮಗೆ ನಮ್ಮ ಗುರುಗಳು ಹೇಳಿದ್ದು ಹೀಗೇ ಮೇಡಂ. ನಾನೂ ಹೀಗೇ ತಿಂದೆ. ನನ್ನ ಮೊಣಕಾಲೂ ಹೀಗೇ ಹೋಯ್ತು." ಡಾಕ್ಟರಮ್ಮನ ಸಿಟ್ಟು ಅರ್ಧ ಇಳಿಯಿತು. ಕಡಲೆಕಾಯಿ, ಎಳ್ಳು, ಅಗಸೆ, ಬಾದಾಮಿ, ಮೀನು, ಮೊಟ್ಟೆಯ ಹಳದಿ, ಎಲ್ಲ ಬಿಡಿಸಿ ಹೇಳಿದರು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಮಾಡಿದ್ದನ್ನು ಮುಟ್ಟಬೇಡ ಎಂದರು. ಊಟದಿಂದ ಬರುವ ಶಕ್ತಿಯಲ್ಲಿ ಕಾಲು ಭಾಗದಷ್ಟಾದರೂ ಒಳ್ಳೆಯ ಕೊಬ್ಬಿನಿಂದ ಬರಲಿ ಎಂದರು. ಕೊನೆಗೆ, "ನಿಮ್ಮಪ್ಪ ಏನು ಕೆಲಸ ಮಾಡ್ತಾರಮ್ಮ?" ಎಂದು ಕೇಳಿದರು.

"ಎಣ್ಣೆ ಗಿರಣಿ" ಎಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತ ಗಾದೆ ಕೇಳಿದ್ದೆ. ಇವತ್ತು ನೋಡಿದೆ."

ಅಂದು ಅವಳು ಮನೆಗೆ ಹೋಗಲಿಲ್ಲ, ನೇರ ಗಿರಣಿಗೆ ಹೋದಳು. ಅಪ್ಪ ಮಷೀನಿನ ಪಟ್ಟಿ ಬಿಗಿ ಮಾಡುತ್ತಿದ್ದ. ಅವಳನ್ನು ಕಂಡವನೇ ಗಾಬರಿಯಿಂದ ಕೈ ಒರೆಸಿಕೊಳ್ಳುತ್ತ ನಲ್ಲಿಯತ್ತ ಓಡಿದ.

"ತೊಳ್ಕೋಬೇಡ ಅಪ್ಪ" ಎಂದಳು. "ಡಾಕ್ಟರು ಎಣ್ಣೆ ತಿನ್ನು ಅಂದ್ರು."

"ಯಾವ ಡಾಕ್ಟರು? ಏನಾಯ್ತು ನಿಂಗೆ?"

ಅವಳು ಎಲ್ಲ ಹೇಳಿದಳು. ಅಪ್ಪ ಹಿಂಡಿಯ ಚೀಲದ ಮೇಲೆ ಕೂತು ಕೇಳಿದ. ಆಮೇಲೆ ಮಷೀನಿನಲ್ಲಿದ್ದ ಗಿರಾಕಿಯ ಕಡಲೆಕಾಯಿಯನ್ನು ತೆಗೆದು ಪಕ್ಕಕ್ಕಿಟ್ಟು, ಒಳಗಿನಿಂದ ತಾನು ಆರಿಸಿಟ್ಟಿದ್ದ ಎಳ್ಳು ತಂದು ಸುರಿದ. ಗಿರಾಕಿ ಹೆಂಗಸು ಗೊಣಗಿದಾಗ, "ಸ್ವಲ್ಪ ಕೂತ್ಕೊಳ್ಳಿ ತಾಯಿ, ನನ್ನ ಮಗಳ ಊಟಕ್ಕೆ ಹೊತ್ತಾಯ್ತು" ಎಂದ. ಎಣ್ಣೆ ಹನಿಹನಿಯಾಗಿ, ಆಮೇಲೆ ದಾರದಂತೆ ಇಳಿಯಿತು. ಅವಳು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಬೆಚ್ಚಗಿತ್ತು. ಆ ರುಚಿಗೆ ಅವಳ ಕಣ್ಣಲ್ಲಿ ಯಾಕೆ ನೀರು ಬಂತೆಂದು ಅಪ್ಪ ಕೇಳಲಿಲ್ಲ. ಅವನದೂ ಅದೇ ಗತಿಯಾಗಿತ್ತು.

ಆಮೇಲಿನ ತಿಂಗಳುಗಳು ಅವಳಿಗೆ ಇಂದಿಗೂ ಬಂಗಾರದ ದಿನಗಳು. ಅಪ್ಪನ ಪ್ರೀತಿಗೆ ಮಾತ್ರ ಅಳತೆಯಿರಲಿಲ್ಲ. ಅನ್ನಕ್ಕೂ ಸುರಿದ, ಪಲ್ಯಕ್ಕೂ ಸುರಿದ. "ಅಪ್ಪ, ನನಗೆ ಊಟ ಹಾಕ್ತಿದೀಯೋ ಈಜೋಕೆ ಬಿಡ್ತಿದೀಯೋ?" ಎಂದು ಅವಳು ಕೇಳಬೇಕಾಯಿತು. ಒಂದು ಸಲ ಅಭ್ಯಾಸಕ್ಕೆ ಮುಂಚೆ ಅವನ ಕೈಯಲ್ಲಿ ಗಟ್ಟಿಯಾಗಿ ಉಂಡು ಹೋದಳು. ರಾಡು ಎದೆಗೇರಿಸಿದ್ದೇ ತಡ, ಇಡೀ ಕೋಣೆ ತಿರುಗಿ ನೋಡುವಂಥ ತೇಗು ಬಂತು. ಕೋಚ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಿಡ್ಡಿನ ಊಟ ಕರಗಲು ಹೊತ್ತು ಬೇಕು, ಅದನ್ನು ಅಭ್ಯಾಸ ಮುಗಿದ ಮೇಲಿಟ್ಟುಕೋ ಎಂದು ಡಾಕ್ಟರಮ್ಮ ಆಮೇಲೆ ತಿಳಿಸಿದರು. ಅಮ್ಮ ಚಮಚದ ಅಧಿಕಾರವನ್ನು ಅಪ್ಪನಿಂದ ಕಿತ್ತುಕೊಂಡಳು. ಹಳದಿ ತಪ್ಪಿದ ಬೆಕ್ಕು ಸ್ವಲ್ಪ ದಿನ ಜಗಳವಾಡಿ ಮೀನು ಅಂಗಡಿಯ ದಾರಿ ಹಿಡಿಯಿತು.

ಮೈ ಒಂದೇ ಸಲ ಸರಿಹೋಗಲಿಲ್ಲ. ಮೊದಲು ಚಳಿ ಹೋಯಿತು, ನಿದ್ದೆ ಬಂತು. ಬಹಳ ತಿಂಗಳ ಮೇಲೆ ಮುಟ್ಟು ಮರಳಿತು. ಅಂದು ಅಮ್ಮ ಅವಳ ತಲೆ ಸವರಿ, ಸೆರಗಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಭಾರ ಮತ್ತೆ ಏರತೊಡಗಿದ್ದು ಅದಾದ ಮೇಲೆ.

ಮುಂದಿನ ಸ್ಪರ್ಧೆಗೆ ಅಪ್ಪ ಗಿರಣಿಗೆ ಬೀಗ ಹಾಕಿ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ ಕೂತ. ಅವಳು ಕೊನೆಯ ಭಾರವನ್ನು ತಲೆಯ ಮೇಲೆ ನಿಲ್ಲಿಸಿದಾಗ, ಮೂಟೆ ಜಾರುತ್ತದೇನೋ ಎಂಬಂತೆ ಅವನೂ ಎರಡು ಕೈ ಮುಂದೆ ಚಾಚಿ ಎದ್ದು ನಿಂತಿದ್ದ. ಮೂರನೇ ಬಹುಮಾನ ಬಂತು.

"ಮೂರನೇದು ಅಂದ್ರೆ ಒಳ್ಳೇದೇ ತಾನೆ?" ಎಂದು ಕೇಳಿದ.

"ತುಂಬಾ ಒಳ್ಳೇದು ಅಪ್ಪ."

ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಕೇಳಿದ, "ಅಲ್ಲಾ, ಆ ಮೊದಲನೇದು ಬಂದ ಹುಡುಗಿ ಯಾವ ಗಿರಣಿ ಎಣ್ಣೆ ತಿಂತಾಳೆ?"

ಪೈಲ್ವಾನಕ್ಕ ಮೊದಲನೆಯವಳು ಯಾವತ್ತೂ ಆಗಲಿಲ್ಲ. ಇನ್ನೂ ಕೆಲವು ವರ್ಷ ಎತ್ತಿದಳು, ಭುಜಕ್ಕೆ ಏಟಾದಾಗ ನಿಲ್ಲಿಸಿದಳು. ಅಂಗಡಿಗಳಲ್ಲಿ ಪ್ಯಾಕೆಟ್ ಎಣ್ಣೆ ತುಂಬಿಕೊಂಡ ಮೇಲೆ ಗಿರಣಿಗೆ ಗಿರಾಕಿಗಳು ಕಡಿಮೆಯಾದರು. ಅಪ್ಪ ಕೈಲಾಗುವ ತನಕ ನಡೆಸಿದ. ಒಂದು ಮಧ್ಯಾಹ್ನ ಊಟವಾಗಿ ಮಲಗಿದವನು ಏಳಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಅದರ ಮುಂದೆ ಹಾದುಹೋಗುವಾಗ ಅವಳ ನಡಿಗೆ ಈಗಲೂ ತಾನಾಗಿ ನಿಧಾನವಾಗುತ್ತದೆ.

ಎರಡು ಬೀದಿ ಆಚೆ ಅವಳದೇ ಒಂದು ಹೆಂಗಸರ ಜಿಮ್ ಇದೆ. ಬಂದವರಿಗೆಲ್ಲ ಮೊದಲು ಮನೆಯಲ್ಲಿ ಏನು ಉಣ್ಣುತ್ತೀರಿ ಎಂದು ಕೇಳುತ್ತಾಳೆ. ಎಣ್ಣೆ ಬಿಟ್ಟಿದ್ದೇವೆ ಎಂದು ಹೆಮ್ಮೆಯಿಂದ ಹೇಳುವವರನ್ನು ಕೂರಿಸಿ ಮಾತಾಡುತ್ತಾಳೆ. ಕುಡಿಯುವಷ್ಟು ಸುರಿದುಕೊಳ್ಳುವವರಿಗೂ ಬೈಗುಳ ತಪ್ಪಿದ್ದಲ್ಲ. ಎಪ್ಪತ್ತು ದಾಟಿದ ಅಮ್ಮ ಈಗ ವಾರಕ್ಕೆರಡು ಸಲ ಅಲ್ಲಿಗೆ ಬರುತ್ತಾಳೆ. ಸಣ್ಣ ಡಂಬೆಲ್ ಹಿಡಿದು ಕುರ್ಚಿಯಿಂದ ಏಳುವುದು, ಕೂರುವುದು, ಮತ್ತೆ ಏಳುವುದು. ನಡುನಡುವೆ ಪಕ್ಕದ ಹುಡುಗಿಯರಿಗೆ ಗಂಡ, ಅತ್ತೆ, ಅಡುಗೆ ಎಂದು ಉಪದೇಶ. "ಅಮ್ಮಾ, ಬಾಯಿಗಲ್ಲ, ಕೈಗೆ ಕೆಲಸ ಕೊಡು" ಎಂದು ಮಗಳು ಗದರಿದರೆ, "ನೋಡ್ರೇ, ಹೆತ್ತ ತಾಯೀನೇ ಹೆಂಗೆ ದುಡಿಸ್ತಾಳೆ" ಎನ್ನುತ್ತ ಇನ್ನೊಂದು ಸಲ ಎದ್ದು ನಿಲ್ಲುತ್ತಾಳೆ.